ಬ್ರಿಟನ್‌ನ ಗ್ರಾಜುಯೇಟ್ ವೀಸಾ: ಆರು ತಿಂಗಳು ಕಡಿತ, ಬದಲಾಗುವ ಸಾಲದ ಲೆಕ್ಕ

ಬ್ರಿಟನ್‌ನಲ್ಲಿ ಓದು ಮುಗಿಸಿದ ವಿದೇಶಿ ವಿದ್ಯಾರ್ಥಿಗಳು ಅಲ್ಲೇ ಉಳಿದು ಕೆಲಸ ಮಾಡಲು ಅವಕಾಶ ಕೊಡುವ ‘ಗ್ರಾಜುಯೇಟ್ ರೂಟ್’ ವೀಸಾದ ಅವಧಿ ಎರಡು ವರ್ಷದಿಂದ 18 ತಿಂಗಳಿಗೆ ಇಳಿಯುತ್ತಿದೆ. 2027ರ ಜನವರಿ 1 ಅಥವಾ ಅದರ ನಂತರ ಅರ್ಜಿ ಹಾಕುವ ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಹೊಸ ಅವಧಿ ಅನ್ವಯವಾಗುತ್ತದೆ. ಪಿಎಚ್‌ಡಿ ಮುಗಿಸಿದವರಿಗೆ ಈಗಿರುವ ಮೂರು ವರ್ಷ ಹಾಗೆಯೇ ಮುಂದುವರಿಯಲಿದೆ. ಆರು ತಿಂಗಳು ದೊಡ್ಡ ವ್ಯತ್ಯಾಸವಲ್ಲ ಎನಿಸಬಹುದು. ಆದರೆ ಬ್ಯಾಂಕಿನಲ್ಲಿ ಮನೆಯ ಪತ್ರ ಇಟ್ಟು ಮಗನನ್ನೋ ಮಗಳನ್ನೋ ಕಳಿಸಿದ ಕುಟುಂಬಕ್ಕೆ ಕೈತಪ್ಪುತ್ತಿರುವುದು ಸಾಲ ತೀರಿಸಲು ನೆಚ್ಚಿಕೊಂಡಿದ್ದ ಆರು ತಿಂಗಳು.

ಇಲ್ಲಿ ಗಮನಿಸಬೇಕಾದದ್ದು ಅರ್ಜಿ ಹಾಕುವ ದಿನಾಂಕ. ಕೋರ್ಸಿಗೆ ಸೇರಿದ ದಿನ ಲೆಕ್ಕಕ್ಕೆ ಬರುವುದಿಲ್ಲ. ಈ ವಿಷಯದಲ್ಲೇ ಹೆಚ್ಚಿನ ಗೊಂದಲವಿದೆ. 2025ರ ಸೆಪ್ಟೆಂಬರ್‌ನಲ್ಲಿ ಒಂದು ವರ್ಷದ ಸ್ನಾತಕೋತ್ತರ ಕೋರ್ಸಿಗೆ ಸೇರಿದವರು 2026ರ ಆಗಸ್ಟ್ ಅಥವಾ ಸೆಪ್ಟೆಂಬರ್‌ನಲ್ಲಿ ಪ್ರಬಂಧ ಸಲ್ಲಿಸುತ್ತಾರೆ. ಹಲವು ವಿಶ್ವವಿದ್ಯಾಲಯಗಳಲ್ಲಿ ಅಂತಿಮ ಫಲಿತಾಂಶ ಬರುವುದು ನವೆಂಬರ್ ಅಥವಾ ಡಿಸೆಂಬರ್‌ನಲ್ಲಿ. ವಿದ್ಯಾರ್ಥಿ ಕೋರ್ಸ್ ಯಶಸ್ವಿಯಾಗಿ ಮುಗಿಸಿದ್ದಾನೆ ಎಂದು ವಿಶ್ವವಿದ್ಯಾಲಯವು ಬ್ರಿಟನ್‌ನ ಗೃಹ ಇಲಾಖೆಗೆ ತಿಳಿಸಿದ ಮೇಲೆಯೇ ಈ ವೀಸಾಕ್ಕೆ ಅರ್ಜಿ ಹಾಕಬಹುದು. ಅರ್ಜಿ ಹಾಕುವಾಗ ವಿದ್ಯಾರ್ಥಿ ಬ್ರಿಟನ್‌ನಲ್ಲೇ ಇರಬೇಕು, ವಿದ್ಯಾರ್ಥಿ ವೀಸಾ ಮುಗಿದಿರಬಾರದು. ಅಂದರೆ ಈ ತಂಡಕ್ಕೆ ಎರಡು ವರ್ಷದ ವೀಸಾ ಸಿಗುವುದೋ ಒಂದೂವರೆ ವರ್ಷದ್ದೋ ಎಂಬುದು ಕೆಲವೇ ವಾರಗಳ ಅಂತರದಲ್ಲಿ ನಿಂತಿದೆ. ಒಂದು ವಿಷಯ ಮರುಪರೀಕ್ಷೆಗೆ ಬಿದ್ದರೆ, ಪ್ರಬಂಧಕ್ಕೆ ಹೆಚ್ಚುವರಿ ಸಮಯ ಕೇಳಿದರೆ, ಫಲಿತಾಂಶ ಬಂದ ಖುಷಿಯಲ್ಲಿ ಊರಿಗೆ ಬಂದು ಜನವರಿಯಲ್ಲಿ ಮರಳಿದರೆ ಆರು ತಿಂಗಳು ಹೋದಂತೆಯೇ. 2026ರ ಜನವರಿಯಲ್ಲಿ ಒಂದು ವರ್ಷದ ಕೋರ್ಸಿಗೆ ಸೇರಿದವರು ಮಾತ್ರ ಹೊಸ ನಿಯಮವನ್ನೇ ಲೆಕ್ಕಕ್ಕೆ ಹಿಡಿಯುವುದು ಒಳಿತು.

ಬ್ರಿಟನ್ ಈ ಬಾಗಿಲನ್ನು ತೆರೆದು ಮುಚ್ಚುತ್ತಿರುವುದು ಇದೇ ಮೊದಲಲ್ಲ. ಹಿಂದಿದ್ದ ಎರಡು ವರ್ಷದ ಇಂಥದೇ ವೀಸಾವನ್ನು ಥೆರೆಸಾ ಮೇ ಗೃಹ ಸಚಿವೆಯಾಗಿದ್ದಾಗ, 2012ರ ಏಪ್ರಿಲ್‌ನಲ್ಲಿ ನಿಲ್ಲಿಸಲಾಯಿತು. ಬೋರಿಸ್ ಜಾನ್ಸನ್ ಸರ್ಕಾರ 2019ರಲ್ಲಿ ಮತ್ತೆ ತರುವುದಾಗಿ ಘೋಷಿಸಿತು. 2021ರ ಜುಲೈ 1ರಿಂದ ಅರ್ಜಿಗಳು ಆರಂಭವಾದವು. 2024ರ ಜನವರಿಯಿಂದ ಬೋಧನಾ ಸ್ನಾತಕೋತ್ತರ ಕೋರ್ಸುಗಳಿಗೆ ಸೇರುವವರು ಪತಿ, ಪತ್ನಿ, ಮಕ್ಕಳನ್ನು ಕರೆದೊಯ್ಯುವುದು ನಿಂತಿತು. 2025ರ ಮೇ ತಿಂಗಳಲ್ಲಿ ಕೀರ್ ಸ್ಟಾರ್ಮರ್ ಸರ್ಕಾರ ಹೊರಡಿಸಿದ ವಲಸೆ ಶ್ವೇತಪತ್ರದಲ್ಲಿ 18 ತಿಂಗಳ ಪ್ರಸ್ತಾವ ಬಂತು. ಈ ವೀಸಾ ಪಡೆದವರಲ್ಲಿ ಬಹಳ ಜನ ಪದವಿಗೆ ತಕ್ಕ ಕೆಲಸಕ್ಕೆ ಸೇರುತ್ತಿಲ್ಲ ಎಂಬುದು ಸರ್ಕಾರ ಕೊಟ್ಟ ಕಾರಣ. ಅದೇ ಅಕ್ಟೋಬರ್‌ನಲ್ಲಿ ಪ್ರಸ್ತಾವ ನಿಯಮವಾಯಿತು.

ಈ ಬದಲಾವಣೆಯ ಬಿಸಿ ಭಾರತಕ್ಕೆ ತಟ್ಟುವಷ್ಟು ಬೇರಾವ ದೇಶಕ್ಕೂ ತಟ್ಟದು. ಅಲ್ಲಿನ ವಲಸೆ ಸಲಹಾ ಸಮಿತಿ 2024ರ ಮೇ ತಿಂಗಳಲ್ಲಿ ಕೊಟ್ಟ ವರದಿಯ ಪ್ರಕಾರ 2023ರಲ್ಲಿ ಸುಮಾರು 1,14,000 ಮುಖ್ಯ ಅರ್ಜಿದಾರರಿಗೆ ಈ ವೀಸಾ ಸಿಕ್ಕಿತ್ತು. ಅವರಲ್ಲಿ ಶೇ 40ಕ್ಕಿಂತ ಹೆಚ್ಚು ಜನ ಭಾರತೀಯರು. ವೀಸಾದ ದೊಡ್ಡ ಪ್ರಮಾಣದ ದುರುಪಯೋಗ ಕಂಡುಬಂದಿಲ್ಲ, ಇದನ್ನು ಹೀಗೆಯೇ ಉಳಿಸಿ ಎಂದು ಆ ಸಮಿತಿ ಶಿಫಾರಸು ಮಾಡಿತ್ತು. ಜೊತೆಗೆ, ಸುಳ್ಳು ಭರವಸೆ ಕೊಟ್ಟು ವಿದ್ಯಾರ್ಥಿಗಳನ್ನು ಸೆಳೆಯುವ ಏಜೆಂಟರ ಬಗ್ಗೆ ಕಳವಳವನ್ನೂ ವ್ಯಕ್ತಪಡಿಸಿತ್ತು. ಮುಂದೆ ಬಂದ ಸರ್ಕಾರ ಕತ್ತರಿ ಹಾಕಿದ್ದು ವೀಸಾದ ಅವಧಿಗೆ.

ಇಷ್ಟಾಗಿಯೂ, ಎರಡು ವರ್ಷವೋ ಒಂದೂವರೆ ವರ್ಷವೋ ಎಂಬ ಚರ್ಚೆಯಲ್ಲಿ ಅಸಲಿ ಪ್ರಶ್ನೆ ಮರೆಯಾಗುತ್ತಿದೆ. ಗ್ರಾಜುಯೇಟ್ ವೀಸಾ ಎಂದರೆ ಕೆಲಸವಲ್ಲ, ಕೆಲಸ ಹುಡುಕಲು ಕೊಡುವ ಕಾಲಾವಕಾಶ. ಈ ಅವಧಿಯಲ್ಲಿ ಕಂಪನಿಯ ಸ್ಪಾನ್ಸರ್‌ಶಿಪ್ ಬೇಡ, ಕನಿಷ್ಠ ಸಂಬಳದ ಷರತ್ತೂ ಇಲ್ಲ. ಗೋದಾಮಿನಲ್ಲಾದರೂ ಹೋಟೆಲಿನಲ್ಲಾದರೂ ದುಡಿಯಬಹುದು. ಆದರೆ ಈ ವೀಸಾವನ್ನು ವಿಸ್ತರಿಸಲು ಬರುವುದಿಲ್ಲ. ಅವಧಿ ಮುಗಿದ ಮೇಲೆ ಉದ್ಯೋಗದ ಮೇಲೆ ಉಳಿಯಬೇಕೆಂದರೆ ಸಾಮಾನ್ಯವಾಗಿ ‘ಸ್ಕಿಲ್ಡ್ ವರ್ಕರ್’ ವೀಸಾಕ್ಕೆ ಬದಲಾಗಬೇಕು. ಕಷ್ಟವಿರುವುದು ಆ ಹೊಸ್ತಿಲಲ್ಲಿ. 2024ರ ಏಪ್ರಿಲ್‌ಗೆ ಮೊದಲು ಈ ವೀಸಾಕ್ಕೆ ವರ್ಷಕ್ಕೆ 26,200 ಪೌಂಡ್ ಸಂಬಳ ಸಾಕಿತ್ತು. ಆಗ ಅದು 38,700ಕ್ಕೆ ಏರಿತು, 2025ರ ಜುಲೈ 22ರಿಂದ 41,700 ಪೌಂಡ್ ಆಯಿತು. ಹೊಸದಾಗಿ ಓದು ಮುಗಿಸಿ ಬರುವವರಿಗೆ ರಿಯಾಯಿತಿ ಇದೆ. ಅವರಿಗೆ 33,400 ಪೌಂಡ್. ಆಯಾ ಹುದ್ದೆಗೆ ನಿಗದಿಯಾದ ದರ ಇದಕ್ಕಿಂತ ಹೆಚ್ಚಾದರೆ ಆ ದರವೇ ಲೆಕ್ಕಕ್ಕೆ. ಅದೇ ಜುಲೈಯಿಂದ ಹುದ್ದೆಯೂ ಪದವಿ ಮಟ್ಟದ್ದಾಗಿರಬೇಕು ಎಂಬ ನಿಯಮ ಬಂದು, ಅದಕ್ಕಿಂತ ಕೆಳಗಿನ ಹಲವು ಹುದ್ದೆಗಳಿಗೆ ಬಾಗಿಲು ಮುಚ್ಚಿತು.

ರಿಯಾಯಿತಿಯಲ್ಲೂ ಒಂದು ಸೂಕ್ಷ್ಮವಿದೆ. ಅದು ಒಟ್ಟು ನಾಲ್ಕು ವರ್ಷಕ್ಕೆ ಸೀಮಿತ. ಗ್ರಾಜುಯೇಟ್ ವೀಸಾದಲ್ಲಿ ಕಳೆದ ಸಮಯವೂ ಅದರಲ್ಲೇ ಸೇರುತ್ತದೆ. ಇತ್ತ ಕಾಯಂ ವಾಸದ ಹಕ್ಕಿಗೆ ಬೇಕಾದ ವರ್ಷಗಳಲ್ಲಿ ಈ ಸಮಯ ಎಣಿಕೆಯಾಗುವುದಿಲ್ಲ. ಹಾಗಾಗಿ ಸ್ಪಾನ್ಸರ್ ಮಾಡುವ ಕಂಪನಿ ಬೇಗ ಸಿಕ್ಕವರಿಗೆ ಗ್ರಾಜುಯೇಟ್ ವೀಸಾವನ್ನು ಕೊನೆಯ ದಿನದವರೆಗೆ ಎಳೆಯುವುದರಿಂದ ಲಾಭವಿಲ್ಲ. ಓದು ಮುಗಿದ ಕೂಡಲೇ ವಿದ್ಯಾರ್ಥಿ ವೀಸಾದಿಂದ ನೇರವಾಗಿ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಹೋಗಲೂ ಅವಕಾಶವಿದೆ. ತೊಂದರೆಯೆಂದರೆ ಸ್ಪಾನ್ಸರ್ ಮಾಡುವುದು ಕಂಪನಿಗಳಿಗೂ ದುಬಾರಿಯಾಗುತ್ತಿದೆ. ಪ್ರತಿ ವಿದೇಶಿ ನೌಕರನಿಗೆ ದೊಡ್ಡ ಕಂಪನಿ ಸರ್ಕಾರಕ್ಕೆ ಕಟ್ಟುವ ಶುಲ್ಕ 2025ರ ಡಿಸೆಂಬರ್‌ನಲ್ಲಿ ವರ್ಷಕ್ಕೆ 1,000ದಿಂದ 1,320 ಪೌಂಡ್‌ಗೆ ಏರಿತು.

ಈಗ ಮನೆಯ ಲೆಕ್ಕಕ್ಕೆ ಬರೋಣ. ನಮ್ಮ ಬ್ಯಾಂಕುಗಳ ಶೈಕ್ಷಣಿಕ ಸಾಲದಲ್ಲಿ ಸಾಮಾನ್ಯವಾಗಿ ಕೋರ್ಸಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಬಡ್ಡಿ ಮಾತ್ರ ಸೇರುತ್ತಾ ಹೋಗುತ್ತದೆ. ಎರಡು ವರ್ಷದ ವೀಸಾ ಇದ್ದಾಗ ಕಂತು ಶುರುವಾದ ಮೇಲೂ ಹೆಚ್ಚುಕಡಿಮೆ ಒಂದು ವರ್ಷ ಪೌಂಡಿನ ಸಂಪಾದನೆಗೆ ಅವಕಾಶವಿತ್ತು. 18 ತಿಂಗಳಾದರೆ ಅದು ಸುಮಾರು ಅರ್ಧ ವರ್ಷಕ್ಕೆ ಇಳಿಯುತ್ತದೆ. 30 ಲಕ್ಷ ರೂಪಾಯಿ ಸಾಲಕ್ಕೆ ಶೇ 11ರ ಬಡ್ಡಿಯಲ್ಲಿ ಹತ್ತು ವರ್ಷದ ಕಂತು ತಿಂಗಳಿಗೆ ಸುಮಾರು 41,300 ರೂಪಾಯಿ, ಅದೂ ಓದುವಾಗ ಬೆಳೆದ ಬಡ್ಡಿಯನ್ನು ಬಿಟ್ಟು. ಲಂಡನ್ನಿನಲ್ಲಿ ದುಡಿಯುವವನಿಗೆ ಇದು ಭಾರವೆನಿಸದು. ಬೆಂಗಳೂರಿಗೆ ಮರಳಿ ಮೊದಲ ಕೆಲಸ ಹಿಡಿದವನ ಸಂಬಳದಲ್ಲಿ ಇಷ್ಟು ಕಳೆದರೆ ಬಾಡಿಗೆಗೆ ಎಷ್ಟು ಉಳಿದೀತು?

ವೀಸಾದ ಖರ್ಚೂ ಕಡಿಮೆಯಲ್ಲ. 2025ರ ಏಪ್ರಿಲ್‌ನಿಂದ ಅರ್ಜಿ ಶುಲ್ಕ 880 ಪೌಂಡ್ ಆಗಿತ್ತು, ಆರೋಗ್ಯ ಶುಲ್ಕ ವರ್ಷಕ್ಕೆ 1,035 ಪೌಂಡ್, ಅದನ್ನೂ ಮುಂಗಡವಾಗಿ ಕಟ್ಟಬೇಕು. ಈ ದರದಲ್ಲಿ ಎರಡು ವರ್ಷಕ್ಕೆ ಒಟ್ಟು 2,950 ಪೌಂಡ್. ಪೌಂಡಿಗೆ 115 ರೂಪಾಯಿ ಎಂದು ಹಿಡಿದರೂ 3.39 ಲಕ್ಷ. ಅವಧಿ ಕಡಿಮೆಯಾದಾಗ ಆರೋಗ್ಯ ಶುಲ್ಕದಲ್ಲಿ ಅರ್ಧ ವರ್ಷದ್ದು ಉಳಿಯುತ್ತದೆ ಎಂಬುದಷ್ಟೇ ಸಮಾಧಾನ.

ಜೈನ ಕುಟುಂಬಗಳಿಗೆ ಇಲ್ಲಿ ಇನ್ನೊಂದು ನಷ್ಟವೂ ಸೇರಿಕೊಂಡಿದೆ. 2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಮಾನ್ಯತೆ ಸಿಕ್ಕ ಮೇಲೆ, ಕೇಂದ್ರದ ‘ಪಢೋ ಪರ್‌ದೇಶ್’ ಯೋಜನೆಯ ಬಾಗಿಲು ಸಮಾಜದ ವಿದ್ಯಾರ್ಥಿಗಳಿಗೂ ತೆರೆಯಿತು. ವಿದೇಶದಲ್ಲಿ ಓದಲು ಮಾಡಿದ ಸಾಲದ ಮೇಲೆ, ಕಂತು ಶುರುವಾಗುವ ತನಕದ ಬಡ್ಡಿಯನ್ನು ಆದಾಯ ಮಿತಿಯೊಳಗಿನ ಅಲ್ಪಸಂಖ್ಯಾತ ಕುಟುಂಬಗಳ ಪರವಾಗಿ ಸರ್ಕಾರವೇ ಭರಿಸುತ್ತಿತ್ತು. 2022-23ರಿಂದ ಆ ಯೋಜನೆಯನ್ನು ಕೈಬಿಡಲಾಗಿದೆ. ಹಳೆಯ ಮಾಹಿತಿ ಇಟ್ಟುಕೊಂಡು ಇಂದಿಗೂ ಈ ಸಬ್ಸಿಡಿ ಸಿಗುತ್ತದೆ ಎಂದು ನಂಬಿರುವವರಿದ್ದಾರೆ. ಸಾಲದ ಪತ್ರಕ್ಕೆ ಸಹಿ ಹಾಕುವ ಮೊದಲೇ ಆ ನಿರೀಕ್ಷೆ ಬಿಡಬೇಕು.

ಭಾರತ ಮತ್ತು ಬ್ರಿಟನ್ ನಡುವೆ 2025ರ ಜುಲೈನಲ್ಲಿ ಸಹಿಯಾದ ಮುಕ್ತ ವ್ಯಾಪಾರ ಒಪ್ಪಂದದಿಂದ ಈ ವೀಸಾಕ್ಕೆ ಅನುಕೂಲವಾಗುತ್ತದೆ ಎಂಬ ಮಾತಿಗೂ ಆಧಾರವಿಲ್ಲ. ಅದರಲ್ಲಿ ವಿದ್ಯಾರ್ಥಿ ವೀಸಾ ಸಡಿಲಿಕೆ ಇಲ್ಲ. ಆಸ್ಟ್ರೇಲಿಯಾ ಒಪ್ಪಂದದ ಕಥೆ ಬೇರೆ: ಅಲ್ಲಿ ಭಾರತೀಯ ಸ್ನಾತಕೋತ್ತರ ಪದವೀಧರರಿಗೆ ಮೂರು ವರ್ಷದ ಅವಕಾಶ ಒಪ್ಪಂದದಲ್ಲೇ ಬರೆದಿದೆ. ಐರ್ಲೆಂಡಿನಲ್ಲಿ ಸ್ನಾತಕೋತ್ತರರಿಗೆ ಎರಡು ವರ್ಷ, ಜರ್ಮನಿಯಲ್ಲಿ 18 ತಿಂಗಳು. ಅಮೆರಿಕದಲ್ಲಿ ಒಂದು ವರ್ಷ, ವಿಜ್ಞಾನ ಮತ್ತು ತಂತ್ರಜ್ಞಾನ ವಿಷಯಗಳಿಗೆ ಇನ್ನೆರಡು ವರ್ಷ. ಆಮೇಲೆ ಎಚ್-1ಬಿ ಲಾಟರಿ.

ಹಾಗಾಗಿ ಏಜೆಂಟರ ಕಚೇರಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ. ಈ ಕೋರ್ಸಿನ ಅಂತಿಮ ಫಲಿತಾಂಶ ಯಾವ ತಿಂಗಳಲ್ಲಿ ಬರುತ್ತದೆ? ಇದೇ ವಿಭಾಗದಲ್ಲಿ ಓದಿದವರಿಗೆ 33,400 ಪೌಂಡ್ ದಾಟಿದ ಕೆಲಸ ಸಿಕ್ಕಿದೆಯೇ, ಯಾವ ಕಂಪನಿಗಳಲ್ಲಿ? ಸ್ಪಾನ್ಸರ್ ಲೈಸೆನ್ಸ್ ಇರುವ ಕಂಪನಿಗಳ ಪೂರ್ಣ ಪಟ್ಟಿಯನ್ನು ಬ್ರಿಟನ್ ಸರ್ಕಾರ ತನ್ನ ವೆಬ್‌ಸೈಟ್‌ನಲ್ಲಿ ಉಚಿತವಾಗಿ ಇಟ್ಟಿದೆ. ಏಜೆಂಟ್ ಹೇಳಿದ ಕಂಪನಿಯ ಹೆಸರು ಅದರಲ್ಲಿ ಇದೆಯೋ ಇಲ್ಲವೋ ಎಂದು ನೋಡಲು ಐದು ನಿಮಿಷ ಸಾಕು.