ಮಕ್ಕಳ ಸಂಜೆಯ ಹೊತ್ತು

ಶಿವಮೊಗ್ಗೆಯ ದುರ್ಗಿಗುಡಿಯಲ್ಲಿ ಸಂಜೆಯಾಯಿತೆಂದರೆ ವಾಹನಗಳ ಸದ್ದೇ ಸದ್ದು. ಆಡುವ ಮಕ್ಕಳ ಸದ್ದು ಮಾತ್ರ ಕೇಳಿಬರದು. ಮೊನ್ನೆ ನಾವು ಅಲ್ಲಿ ಪರಿಚಿತರೊಬ್ಬರ ಮನೆಗೆ ಹೋಗಿದ್ದಾಗ, ಹದಿನಾಲ್ಕು ವರ್ಷದ ಅವರ ಮಗನು ಕಿಟಕಿಯ ಬಳಿ ಕುಳಿತು ಮೊಬೈಲಿನಲ್ಲಿ ಕ್ರಿಕೆಟ್ ಆಡುತ್ತಿದ್ದನು. ಪಕ್ಕದ ಭದ್ರಾವತಿಯು 1949ರಲ್ಲಿ ಗುಂಡಪ್ಪ ವಿಶ್ವನಾಥರು ಹುಟ್ಟಿದ ಊರು. ಅವರ ಆಟವನ್ನು ಈಗಿನ ಹುಡುಗರು ಹೆಬ್ಬೆರಳಿನಿಂದ ಆಡುವಂತಾಗಿದೆ! "ಎಷ್ಟು ಹೇಳಿದರೂ ಕೇಳುವುದಿಲ್ಲ, ಸ್ವಾಮಿ" ಎಂದು ತಂದೆಯವರು ನಿಟ್ಟುಸಿರಿಟ್ಟರು. ಹುಡುಗನು ತಲೆಯೆತ್ತದೆಯೇ, "ಎಲ್ಲಿ ಆಡಲಿ, ಅಪ್ಪ?" ಎಂದನು. ಅವನ ಅಕ್ಕನು ಒಳಗಿನ ಕೋಣೆಯಲ್ಲಿ ಇನ್ನೊಂದು ಮೊಬೈಲು ಹಿಡಿದು ಕುಳಿತಿದ್ದಳು. ಅವಳ ವಿಷಯವನ್ನು ಯಾರೂ ಎತ್ತಲಿಲ್ಲ.

ಈ ಯಂತ್ರವನ್ನು ಮಕ್ಕಳು ಕದ್ದು ತಂದುದಲ್ಲ. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಪಿಡುಗಿನಿಂದ ಶಾಲೆಗಳು ಮುಚ್ಚಿದಾಗ, ಪಾಠಕ್ಕೆಂದು ಅನೇಕ ಮನೆಗಳಲ್ಲಿ ಅದನ್ನು ಅವರ ಕೈಗಿತ್ತವರು ಹಿರಿಯರೇ. ಪಾಠವು ಶಾಲೆಗೆ ಮರಳಿತು. ಮೊಬೈಲು ಮನೆಯಲ್ಲಿಯೇ ಉಳಿಯಿತು.

ಆದರೂ ದೋಷವೆಲ್ಲವೂ ಯಂತ್ರದ್ದೇ ಎಂದು ಹೇಳಲಾಗದು. ಪಿಡುಗಿಗೆ ಮೊದಲೇ, 2016ರ ಲೆಕ್ಕದಂತೆ, ಜಗತ್ತಿನಲ್ಲಿ 11ರಿಂದ 17 ವರ್ಷದ ಶಾಲಾಮಕ್ಕಳಲ್ಲಿ ನೂರಕ್ಕೆ 81 ಮಂದಿಗೆ ಸಾಕಷ್ಟು ದೇಹಶ್ರಮವಿರಲಿಲ್ಲ. ಹುಡುಗರಲ್ಲಿ ಇದು 78, ಹುಡುಗಿಯರಲ್ಲಿ 85. ಈ ಅಂತರವನ್ನು ಉಂಟುಮಾಡಿದುದು ಮೊಬೈಲೊಂದೇ ಅಲ್ಲ. "ಹೊತ್ತಾಯಿತು, ಹೊರಗೆ ಹೋಗಬೇಡ" ಎಂಬ ನಮ್ಮ ಮಾತಿಗೂ ಅದರಲ್ಲಿ ಪಾಲುಂಟು.

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಕೊಟ್ಟ ಸಲಹೆ ಇದು: ಈ ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಬಿರುಸಾಗುವಂತಹ ಚಟುವಟಿಕೆ; ವಾರದಲ್ಲಿ 3 ದಿನ ಸ್ನಾಯುಗಳನ್ನೂ ಎಲುಬುಗಳನ್ನೂ ಬಲಪಡಿಸುವ ವ್ಯಾಯಾಮ. ಬಯಲಿನ ಬೆಳಕು ಕಣ್ಣಿಗೂ ಹಿತ. ಚೀನಾದ ಗುವಾಂಗ್‌ಜೌ ನಗರದಲ್ಲಿ ಒಂದನೆಯ ತರಗತಿಯ ಮಕ್ಕಳನ್ನು ಶಾಲೆಯ ದಿನಗಳಲ್ಲಿ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟು ಮೂರು ವರ್ಷ ನೋಡಿದರು. ಅವರಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ಸಮೀಪದೃಷ್ಟಿ ಬಂದರೆ, ಉಳಿದ ಶಾಲೆಗಳಲ್ಲಿ ಸುಮಾರು 40 ಮಂದಿಗೆ ಬಂದಿತು. ಈ ಫಲವು 2015ರಲ್ಲಿ ಪ್ರಕಟವಾಯಿತು.

ಮೊಬೈಲನ್ನು ಕಸಿದುಕೊಂಡರೆ ಸಾಲದು. ಅದರ ಜಾಗದಲ್ಲಿ ಏನನ್ನಾದರೂ ಕೊಡಬೇಕು. ದುರ್ಗಿಗುಡಿಯವರಿಗೆ ನೆಹರೂ ಕ್ರೀಡಾಂಗಣವು ಬಹು ದೂರವಲ್ಲ. ಪಾಠಕ್ಕೆ ಸೈಕಲ್ಲಿನಲ್ಲಿ ಹೋಗಬಹುದು. ತಾರಸಿಯ ಮೇಲೆ ಹಗ್ಗದಾಟ, ಸೂರ್ಯನಮಸ್ಕಾರಗಳಿಗೆ ಕಾಸಿನ ಖರ್ಚಿಲ್ಲ. ನೆರೆಯ ನಾಲ್ಕು ಮನೆಯವರು ಸರದಿಯಂತೆ ಜೊತೆಗೆ ಹೋದರೆ ಹೆಣ್ಣುಮಕ್ಕಳಿಗೂ ಸಂಜೆಯ ಬಯಲು ದೊರೆಯುತ್ತದೆ. ರಾತ್ರಿ ಊಟದ ಹೊತ್ತಿಗೆ ಎಲ್ಲರ ಮೊಬೈಲೂ ಗೂಡು ಸೇರಲಿ, ಮೊದಲು ಯಜಮಾನರದು.

ಆ ಮನೆಯ ತಂದೆಯವರಿಗೂ ನಾವು ಇದನ್ನೇ ಹೇಳಿದೆವು. ಹೇಳುತ್ತಿದ್ದಾಗ ನಮ್ಮ ಜೇಬಿನ ಮೊಬೈಲೇ ಎರಡು ಸಲ ಸದ್ದು ಮಾಡಿತೆಂಬುದನ್ನು ಮುಚ್ಚಿಡಲಾರೆವು. ಭಾನುವಾರ ಅವರು ಮಗನೊಡನೆ ಮಗಳನ್ನೂ ಕ್ರೀಡಾಂಗಣಕ್ಕೆ ಕರೆದೊಯ್ದರಂತೆ. ಹಿಂದಿರುಗಲು ಮನಸ್ಸಿಲ್ಲದೆ ಇನ್ನೊಂದು ಸುತ್ತು ಕೇಳಿದವಳು ಮಗಳೇ ಎಂದು ಅವರು ತಿಳಿಸಿದಾಗ ನಮಗೆ ಸಂತೋಷವೂ ಆಯಿತು, ಸ್ವಲ್ಪ ನಾಚಿಕೆಯೂ ಆಯಿತು.