ಸೊಳ್ಳೆಯ ಸೂಚನೆ ಕನ್ನಡದಲ್ಲಿ ಏಕಿರಬಾರದು?



ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಯ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳ ಅಜ್ಜಿ, ಬೋರಿನಿಂದ ಹೊತ್ತು ತಂದು ತುಂಬಿಸಿದ್ದ ಒಂದು ಬ್ಯಾರಲ್ ನೀರನ್ನು ಅಂಗಳಕ್ಕೆ ಚೆಲ್ಲಿಬಿಟ್ಟರು. ಸೊಳ್ಳೆಯ ಮರಿ ಸಾಯಲೆಂದು ಅದರಲ್ಲಿ ಅಬೇಟ್ ಹಾಕಿ ಹೋಗಿದ್ದರು. ಹಾಕಿದವರು ಮರಾಠಿಯಲ್ಲಿ ವಿವರಿಸಿದ್ದೂ ನಿಜ. ಅಜ್ಜಿಗೆ ತಿಳಿದದ್ದು 'ಔಷಧ' ಎಂಬ ಒಂದೇ ಮಾತು. ನಮ್ಮಲ್ಲಿ ತೊಗರಿಯ ಹುಳಕ್ಕೆ ಹೊಡೆಯುವುದೂ ಔಷಧವೇ ಅಲ್ಲವೆ? ಆಕೆ ಹೆದರಿದ್ದರಲ್ಲಿ ತಪ್ಪೇನು?

ಡೆಂಗ್ಯೂ, ಚಿಕುನ್‌ಗುನ್ಯಾ ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆ ಮೂಲತಃ ನಮ್ಮ ನೆಲದ್ದಲ್ಲ. ಆಫ್ರಿಕದಿಂದ ಹಡಗುಗಳಲ್ಲಿ ಬಂದದ್ದು. ಹಗಲು ಕಚ್ಚುತ್ತದೆ. ಗಟಾರಕ್ಕಿಂತ ನಾವು ಕೂಡಿಟ್ಟ ತಿಳಿನೀರೇ ಅದಕ್ಕೆ ಇಷ್ಟ. ೧೯೭೩ರಲ್ಲಿ ನಮಗೆ ಹತ್ತಿರದ ಬಾರ್ಶಿಯಲ್ಲಿ ಚಿಕುನ್‌ಗುನ್ಯಾ ಹಬ್ಬಿತ್ತು. ಆಮೇಲೆ ಮೂರು ದಶಕ ಮರೆಯಾಗಿದ್ದ ರೋಗ ೨೦೦೫-೦೬ರಲ್ಲಿ ಗಡಿಯ ಎರಡೂ ಬದಿಗೆ ಮರಳಿತು. ೨೦೦೬ರಲ್ಲಿ ದೇಶದಲ್ಲಿ ಸುಮಾರು ೧೩ ಲಕ್ಷ ೯೦ ಸಾವಿರ ಶಂಕಿತ ರೋಗಿಗಳು. ಕೀಲು ಹಿಡಿದು ಬಗ್ಗಿ ನಡೆದವರು ತಮ್ಮ ಮನೆಯಲ್ಲೂ ಇದ್ದಿರಬೇಕು. ಹೆಸರು ಕೇಳಿ ಕೋಳಿಯಿಂದ ಬರುವ ರೋಗವೆಂದು 'ಚಿಕನ್' ಬಿಟ್ಟವರೂ ಇದ್ದರು!

ಹಿಂದೆ, ೧೯೫೮ರಲ್ಲಿ ಮಲೇರಿಯಾ ನಿರ್ಮೂಲನ ಕಾರ್ಯಕ್ರಮ ಬಂದಾಗ ಸಿಬ್ಬಂದಿ ಗೋಡೆಗೆ ಡಿಡಿಟಿ ಸಿಂಪಡಿಸಿ, ತಾರೀಖು ಬರೆದು ಹೋಗುತ್ತಿದ್ದರು. ಮನೆಯವರಿಗೆ ಅರ್ಥವಾಗದಿದ್ದರೂ ಕೆಲಸ ನಡೆಯುತ್ತಿತ್ತು. ಈಡಿಸ್ ಹಾಗಲ್ಲ. ಅದು ಹುಟ್ಟುವುದೇ ಅಡಿಗೆಮನೆಯ ರಾಂಜಣದಲ್ಲಿ, ಬಚ್ಚಲಿನ ಬ್ಯಾರಲ್ಲಿನಲ್ಲಿ. ತತ್ತಿಯಿಂದ ಸೊಳ್ಳೆಯಾಗಲು ಏಳೆಂಟು ದಿನ ಸಾಕು. ತತ್ತಿ ಪಾತ್ರೆಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದರೂ ಸಾಯದು. ನೀರು ಖಾಲಿ ಮಾಡಿದರೆ ಸಾಲದು, ಒಳಗೆ ತಿಕ್ಕಬೇಕು. ಓಣಿಯಲ್ಲಿ ಬಿಡುವ ಹೊಗೆ ಹಾರುವ ಸೊಳ್ಳೆಯನ್ನು ಕೊಲ್ಲುತ್ತದೆ, ಬ್ಯಾರಲ್ಲಿನೊಳಗಿನ ಮರಿಯನ್ನಲ್ಲ. ಅಂದರೆ ಇಲ್ಲಿ ನಿಜವಾದ ಸಿಬ್ಬಂದಿ ಮನೆಯ ತಾಯಂದಿರೇ.

ನೀರು ಕೂಡಿಡಬೇಡಿ ಎಂದು ಮರಾಠವಾಡದಲ್ಲಿ ಯಾರು ಹೇಳಬಲ್ಲರು? ೨೦೧೬ರ ಏಪ್ರಿಲ್‌ನಲ್ಲಿ ಲಾತೂರಿಗೆ ಮಿರಜದಿಂದ ರೈಲಿನಲ್ಲಿ ನೀರು ಬಂತು. ಕೂಡಿಡುವುದು ನಮ್ಮ ಬಾಳಿನ ರೀತಿ.

ಹಾಗಿದ್ದ ಮೇಲೆ ಆ ತಾಯಂದಿರಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಡವೆ? ನಮ್ಮೂರ ಗೋಡೆಯ ಮೇಲೆ 'ಕೋರಡಾ ದಿವಸ ಪಾಳಾ' ಎಂದು ಬರೆದಿದೆ. ವಾರಕ್ಕೊಮ್ಮೆ ಪಾತ್ರೆಗಳನ್ನು ಒಣಗಿಸಿರಿ ಎಂದರ್ಥ. ಕನ್ನಡ ಕಿವಿಗೆ ಅದು ಮರದ ಕೊರಡು! ಉಮರ್ಗಾ, ನಿಲಂಗಾ, ಉದಗೀರದ ಪೇಟೆಗೆ ಹೋಗಿಬರುವ ಗಂಡಸರಿಗೆ ಮರಾಠಿ ಬರುತ್ತದೆ. ಬಸವಕಲ್ಯಾಣ, ಭಾಲ್ಕಿ, ಆಳಂದದ ಕಡೆಯಿಂದ ಬಂದ ಸೊಸೆಯಂದಿರಿಗೆ, ಮನೆಯಲ್ಲೇ ಉಳಿದ ಹಿರಿಯರಿಗೆ ಬಾರದು. ನೀರು ನೋಡಿಕೊಳ್ಳುವವರು ಅವರೇ.

ಇದು ಮರಾಠಿಯ ಮೇಲಿನ ಸಿಟ್ಟಲ್ಲ. ನಮ್ಮ ಮಕ್ಕಳು ಮರಾಠಿಯನ್ನೂ ಚೆನ್ನಾಗಿ ಕಲಿಯಲಿ. ಆದರೆ ಒಂದು ಪ್ರದೇಶದಲ್ಲಿ ನೂರಕ್ಕೆ ೧೫ರಿಂದ ೨೦ರಷ್ಟು ಭಾಷಾ ಅಲ್ಪಸಂಖ್ಯಾತರಿದ್ದರೆ ಮುಖ್ಯ ಸರಕಾರಿ ಸೂಚನೆಗಳು ಅವರ ಭಾಷೆಯಲ್ಲೂ ಇರಬೇಕೆಂದು ಕೇಂದ್ರ ಸರಕಾರ ೧೯೫೬ರಲ್ಲೇ ಒಪ್ಪಿದೆ. ತಾಲೂಕಿನ ಲೆಕ್ಕ ಹಿಡಿದು 'ನೀವು ಅಷ್ಟಿಲ್ಲ' ಎನ್ನಬಹುದು. ಈ ಸೊಳ್ಳೆ ಸಾಮಾನ್ಯವಾಗಿ ಕೆಲವು ನೂರು ಮೀಟರಿಗಿಂತ ದೂರ ಹಾರುವುದಿಲ್ಲ. ರೋಗದ ಲೆಕ್ಕ ಓಣಿಯದು, ಸೂಚನೆಯ ಲೆಕ್ಕವೂ ಊರಿನದೇ ಆಗಬೇಕು. ಕನ್ನಡದಲ್ಲಿ ಅಚ್ಚು ಹಾಕಿಸುವುದು ಕಷ್ಟವೆಂಬ ಮಾತು ನಿಲ್ಲದು. ನಮ್ಮ ಮಕ್ಕಳ ಕನ್ನಡ ಪಠ್ಯಪುಸ್ತಕಗಳನ್ನು ಪುಣೆಯ ಬಾಲಭಾರತಿಯೇ ಪ್ರಕಟಿಸುತ್ತದೆ.

ಬರುವ ಗ್ರಾಮಸಭೆಯಲ್ಲಿ ತಾವು ಲಿಖಿತ ಅರ್ಜಿ ಕೊಡಿ: ಫಲಕ ಕನ್ನಡದಲ್ಲೂ ಬರೆಯಿಸಿರಿ, ಔಷಧ ಹಾಕಲು ಬರುವವರ ಜೊತೆ ಕನ್ನಡ ಬಲ್ಲ ಒಬ್ಬರನ್ನು ಕಳಿಸಿರಿ ಎಂದು. ಶಾಲಾ ವ್ಯವಸ್ಥಾಪನ ಸಮಿತಿಯ ಸಹಿಯೂ ಅದರ ಮೇಲಿರಲಿ. ಕೊಟ್ಟ ಅರ್ಜಿಯ ಪ್ರತಿಯ ಮೇಲೆ ಸ್ವೀಕೃತಿ ಪಡೆಯಲು ಮರೆಯಬೇಡಿ.

ಅಲ್ಲಿಯ ತನಕ ಮಕ್ಕಳ ವಹಿಯಲ್ಲಿ ನಾನೇ ಬರೆಸಿ ಕಳಿಸುತ್ತೇನೆ. ಮನೆಯಲ್ಲಿ ಗಟ್ಟಿಯಾಗಿ ಓದಿಸಿರಿ. ಅಬೇಟ್ ಹಾಕಿದ ನೀರನ್ನು ಮಾತ್ರ ಚೆಲ್ಲಬೇಡಿ. ಲೀಟರಿಗೆ ಒಂದು ಮಿಲಿಗ್ರಾಂ ಮೀರದಿದ್ದರೆ ಕುಡಿಯುವ ನೀರಿಗೂ ನಡೆಯುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಆ ಅಜ್ಜಿಗೆ ಇದನ್ನು ಮೊಮ್ಮಗಳು ಓದಿ ಹೇಳಿದಳು. 'ಮೊದಲೇ ಹೀಗಂತ ಹೇಳಿದ್ದರೆ ಎಂಟು ಕೊಡ ನೀರು ಉಳೀತಿತ್ತಲ್ಲವ್ವಾ' ಎಂದರಂತೆ.