ಬಾಣಂತಿಯ ಮನಸ್ಸಿಗೂ ತಾಯಿ ಕಾರ್ಡಿನಲ್ಲಿ ಜಾಗ ಕೊಡಿ

ಮಾನ್ಯ ಆರೋಗ್ಯ ಸಚಿವರಿಗೆ ಹಾಗೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ,

ನಾನು ಕೊಪ್ಪಳ ಜಿಲ್ಲೆಯ ಉಪಕೇಂದ್ರವೊಂದರಲ್ಲಿ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು. ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕೆಂದು ಮನೆಮನೆ ತಿರುಗಿ ಹೇಳಿದ ತಲೆಮಾರಿನವಳು. ಆ ಕೆಲಸ ಬಹುಮಟ್ಟಿಗೆ ಕೈಗೂಡಿದೆ. ಮನೆಯಲ್ಲೇ ಹೆರುವವರು ಈಗ ನಮ್ಮ ಕಡೆ ಅಪರೂಪ. ಆದರೆ ಹೆತ್ತು ಮನೆಗೆ ಬಂದ ಹುಡುಗಿಯ ಮನಸ್ಸು ಹೇಗಿದೆ ಎಂದು ಕೇಳುವ ಹೊಣೆಯನ್ನು ನಾನು ಬಲ್ಲ ಹಳ್ಳಿಗಳಲ್ಲಿ ಯಾರೂ ಹೊತ್ತಿಲ್ಲ. ಕೈಯಲ್ಲಿ ಕಾಸಿಲ್ಲದ ಮನೆಯ ಬಾಣಂತಿಯನ್ನಂತೂ ಕೇಳುವವರೇ ಇಲ್ಲ. ನನ್ನ ದೂರು ಇದು.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗುತ್ತಾಳೆ. ಆರೂ ಭೇಟಿ ಸೇರಿ ಅವಳಿಗೆ ಸಿಗುವುದು 250 ರೂಪಾಯಿ. ಕೂಸಿನ ತೂಕ ನೋಡುತ್ತಾಳೆ, ಮೈ ಬಿಸಿ ನೋಡುತ್ತಾಳೆ. ತಾಯಿ ದಿನಕ್ಕೆ ಎಷ್ಟು ಸಲ ಹೊಟ್ಟೆ ತುಂಬ ಉಂಡಳು, ರಕ್ತಸ್ರಾವ ಎಷ್ಟಿದೆ, ಜ್ವರ ಇದೆಯೇ ಎಂದು ಬರೆದುಕೊಳ್ಳುತ್ತಾಳೆ. ತಾಯಿ ಅಸಂಬದ್ಧ ಮಾತಾಡುತ್ತಿದ್ದಾಳೆಯೇ, ಫಿಟ್ಸ್ ಬಂದಿದೆಯೇ ಎಂಬ ಪ್ರಶ್ನೆಯೂ ಅವಳು ತುಂಬುವ ಹಾಳೆಯಲ್ಲಿದೆ. ಬಾಯಿ ಬಿಡದೆ ಗೋಡೆ ಕಡೆ ಮುಖ ಮಾಡಿ ಮಲಗಿದವಳನ್ನು ಎಲ್ಲಿ ಬರೆಯಬೇಕು? ಅವಳಿಗೆ ಜ್ವರವಿಲ್ಲ, ಫಿಟ್ಸ್ ಇಲ್ಲ. ಹಾಳೆಯ ಪ್ರಕಾರ ಅವಳು ಆರೋಗ್ಯವಂತೆ.

ಅಂಥ ಒಬ್ಬಳ ಬಗ್ಗೆ ಹೇಳಬೇಕು. ಎರಡನೇ ಹೆರಿಗೆ, ಎರಡೂ ಹೆಣ್ಣು. ಗಂಡ ಬೆಂಗಳೂರಿಗೆ ಗುಳೆ ಹೋಗಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ. ತವರಿನಲ್ಲಿ ತಾಯಿಯೂ ಕೂಲಿಯವಳೇ. ಮಗಳ ಬಾಣಂತನಕ್ಕೆಂದು ಎಷ್ಟು ದಿನ ಕೂಲಿ ಬಿಟ್ಟಾಳು? ತಿಂಗಳು ತುಂಬುವ ಮೊದಲೇ ಮಗಳನ್ನು ಗಂಡನ ಮನೆಗೆ ಕಳಿಸಿದ್ದಳು. ಗುರುವಾರದ ಲಸಿಕೆಗೆ ಬಂದಾಗ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್. ತೊಡೆಯ ಮೇಲೆ ಕೂಸು ಕಿರುಚುತ್ತಿದ್ದರೂ ಅವಳು ಅದರತ್ತ ನೋಡಲಿಲ್ಲ. ತೂಕ ಏರಿರಲಿಲ್ಲ. ‘ರಾತ್ರಿ ನಿದ್ದಿ ಬರಂಗಿಲ್ರಿ ಅಕ್ಕಾರ, ಕೂಸು ಮಲಗಿದ್ರೂ ನನಗ ಬರಂಗಿಲ್ಲ. ಅದು ಅಳಾಕತ್ತಿದ್ರ ಎಲ್ಲೋ ದೂರದಾಗ ಯಾರದೋ ಕೂಸು ಅತ್ತಂಗ ಆಗತೈತ್ರಿ’ ಅಂದಳು. ಮೊದಲ ಹೆರಿಗೆಗೆ ಮಾಡಿದ ಸಂಘದ ಸಾಲ ಇನ್ನೂ ತೀರಿರಲಿಲ್ಲ. ವಾರದ ಕಂತಿನ ದಿನ ಬಂತೆಂದರೆ ಎದೆ ಡವಗುಟ್ಟುತ್ತದೆ ಎಂದಳು.

ತಾಲ್ಲೂಕು ಆಸ್ಪತ್ರೆಗೆ ಚೀಟಿ ಬರೆದುಕೊಟ್ಟೆ. ಮನೋವೈದ್ಯರು ಬರುವುದು ಮಂಗಳವಾರ. ‘ನಮ್ಮ ಸೊಸಿಗೆ ಹುಚ್ಚಿ ಅನ್ನೋ ಹೆಸರು ಬಂದ್ರ ನನ್ನ ಸಣ್ಣ ಮಗಳನ್ನ ಯಾರು ಮಾಡ್ಕೋತಾರವ್ವಾ’ ಎಂದು ಅತ್ತೆ ತಡೆದಳು. ಅವಳನ್ನೂ ದೂರಲಾರೆ, ಆ ಭಯ ಸುಳ್ಳಲ್ಲ. ಆಶಾ ಅಕ್ಕ ಹೇಗೋ ಒಪ್ಪಿಸಿ ಕರೆದುಕೊಂಡು ಹೋದಳು. ಆ ಮಂಗಳವಾರ ಡಾಕ್ಟರು ಬಂದಿರಲಿಲ್ಲ. ಹೆಂಗಸರಿಗೆ ಉಚಿತವಾದ್ದರಿಂದ ಬಸ್ಸಿಗೆ ಹಣ ಬೇಕಿರಲಿಲ್ಲ, ನಿಜ. ಆದರೆ ಜೊತೆಗೆ ಹೋದ ಅತ್ತೆಯ ಒಂದು ದಿನದ ಕೂಲಿ ಹೋಯಿತು. ಮುಂದಿನ ಮಂಗಳವಾರ ಅವರು ಹೋಗಲಿಲ್ಲ. ಕೆಲವೇ ದಿನಗಳಲ್ಲಿ ಅವಳೂ ಕೂಸು ಕಟ್ಟಿಕೊಂಡು ಬೆಂಗಳೂರಿಗೆ ಹೋದಳು, ನಮ್ಮ ರಿಜಿಸ್ಟರಿನಲ್ಲಿ ‘ವಲಸೆ’ ಎಂದು ದಾಖಲಾದಳು.

ಇದು ಒಬ್ಬಳ ಕಥೆ ಎಂದು ತಳ್ಳಿಹಾಕಬೇಡಿ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಗೋವಾದಲ್ಲಿ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆರಿಗೆಯಾಗಿ ಆರೆಂಟು ವಾರದ ತಾಯಂದಿರಲ್ಲಿ ಶೇ 23ರಷ್ಟು ಮಂದಿಗೆ ಖಿನ್ನತೆ ಇತ್ತು. ದೇಶದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ಪರಿಶೀಲನೆಯಲ್ಲೂ ಅಂದಾಜು ಶೇ 22. ಕಾರಣಗಳ ಪಟ್ಟಿಯಲ್ಲಿ ಹಣದ ಅಡಚಣೆ, ಮನೆಯೊಳಗಿನ ಹೊಡೆತ-ಬಡಿತ, ಗಂಡನ ಆಸರೆ ಇಲ್ಲದಿರುವುದು, ಹೆಣ್ಣು ಹುಟ್ಟಿದ್ದು ಎಲ್ಲವೂ ಇವೆ. ನಾನು ಕಂಡ ಆ ಹುಡುಗಿಯ ಬದುಕಿನಲ್ಲಿ ಇವುಗಳಲ್ಲಿ ಹೆಚ್ಚಿನವು ಒಟ್ಟಿಗೇ ಇದ್ದವು. ಬರೀ ಗುಳಿಗೆ ಕೊಟ್ಟರೆ ಸಾಲದು ಎಂದು ನಾನು ಹೇಳುವುದು ಇದಕ್ಕೇ.

ಹಣದ ಮಾತಿಗೇ ಬರುತ್ತೇನೆ. 2013ರ ಆಹಾರ ಭದ್ರತಾ ಕಾಯ್ದೆ ಗರ್ಭಿಣಿ-ಬಾಣಂತಿಯರಿಗೆ ಕನಿಷ್ಠ 6,000 ರೂಪಾಯಿ ಹೆರಿಗೆ ನೆರವು ಹಕ್ಕು ಎಂದಿತು. 2017ರಲ್ಲಿ ಬಂದ ಮಾತೃವಂದನಾ ಯೋಜನೆ ಅದನ್ನು ಮೊದಲ ಮಗುವಿಗೆ 5,000 ಎಂದು ಮಾಡಿತು. ಆಮೇಲೆ ಎರಡನೆಯದು ಹೆಣ್ಣಾದರೆ ಮಾತ್ರ 6,000 ಎಂದು ಸೇರಿಸಿದರು. ಎರಡನೆಯದು ಗಂಡಾದರೆ, ಮೂರನೆಯದಾದರೆ, ಏನೂ ಇಲ್ಲ. ಮೊದಲ ಮಗುವಿನ ಹಣದ ಎರಡನೇ ಕಂತು ಬರುವುದು ಜನನ ನೋಂದಣಿ, ಮೊದಲ ಸುತ್ತಿನ ಲಸಿಕೆ ಎಲ್ಲ ಮುಗಿದ ಮೇಲೆ; ಅಂದರೆ ಕೂಸಿಗೆ ಮೂರೂವರೆ ತಿಂಗಳು ತುಂಬಿದ ನಂತರ. ಆಧಾರ್‌ನಲ್ಲಿ ತವರಿನ ವಿಳಾಸ, ಬ್ಯಾಂಕಿನಲ್ಲಿ ಇನ್ನೊಂದು ಹೆಸರು ಎಂದಾದರೆ ಇನ್ನೂ ತಡ. ಆ ಹೊತ್ತಿಗೆ ತಾಯಿ ಹೊಲಕ್ಕೆ ಇಳಿದಾಗಿರುತ್ತದೆ.

2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. 5,000 ರೂಪಾಯಿ ಅಂದರೆ 14 ದಿನದ ಕೂಲಿಯಷ್ಟೂ ಆಗುವುದಿಲ್ಲ. ಸಂಬಳದ ನೌಕರಿ ಇರುವ ಹೆಂಗಸಿಗೆ 2017ರ ತಿದ್ದುಪಡಿ 26 ವಾರಗಳ ಸಂಬಳಸಹಿತ ರಜೆ ಕೊಟ್ಟಿತು. ನನ್ನಂಥ ಸರ್ಕಾರಿ ನೌಕರರಿಗೂ ರಜೆ ಇತ್ತು, ಅದರ ಬೆಲೆ ಏನೆಂದು ಬಲ್ಲೆ. ಹೆರಿಗೆಯ ನೋವಿನಲ್ಲಿ ಸಂಬಳದವಳು, ಕೂಲಿಯವಳು ಎಂಬ ಭೇದವಿಲ್ಲ. ಸುಧಾರಿಸಿಕೊಳ್ಳುವ ಸಮಯದಲ್ಲಿ ಇಷ್ಟು ದೊಡ್ಡ ಭೇದ ಮಾಡಿರುವುದು ಅನ್ಯಾಯ.

ಮಾನಸಿಕ ಆರೋಗ್ಯದ ವಿಷಯದಲ್ಲಿ ಕರ್ನಾಟಕ ಹಿಂದುಳಿದ ರಾಜ್ಯವಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದಾರಿ ತೋರಿದ ಪ್ರಯೋಗ 1985ರಲ್ಲಿ ನಡೆದದ್ದು ನಮ್ಮ ನೆರೆಯ ಬಳ್ಳಾರಿಯಲ್ಲಿ. ತಾಯಿ-ಮಗುವನ್ನು ಅಗಲಿಸದೆ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ವಾರ್ಡು ನಿಮ್ಹಾನ್ಸ್‌ನಲ್ಲಿದೆ. ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ನಮ್ಮ ರಾಜ್ಯದ್ದೇ. ಹೆರಿಗೆ ನಂತರದ ಖಿನ್ನತೆ ಗುರುತಿಸುವ 10 ಪ್ರಶ್ನೆಗಳ ಎಡಿನ್‌ಬರೋ ಮಾಪಕ 1987ರಿಂದಲೂ ಇದೆ, ಅದು ಕನ್ನಡದಲ್ಲೂ ಇದೆ. ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಇಷ್ಟೆಲ್ಲ ಇದ್ದೂ ಬಾಣಂತಿಯ ಕೋಣೆಯ ಬಾಗಿಲಿಗೆ ಒಂದೂ ಮುಟ್ಟಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತಾಗ ರಾಜ್ಯವೇ ಬೆಚ್ಚಿತು, ತಾಯಿ ಮರಣಗಳ ಆಡಿಟ್ ಆಯಿತು. ಆಗಬೇಕಾದದ್ದೇ. ಆದರೆ ತಾಯಿ ಮರಣ ಎಂದು ಲೆಕ್ಕ ಹಿಡಿಯುವುದು ಹೆರಿಗೆಯಾದ 42 ದಿನದವರೆಗೆ ಮಾತ್ರ. ಐದನೇ ತಿಂಗಳಲ್ಲಿ ಜೀವ ಕಳೆದುಕೊಂಡವಳು ಆ ಲೆಕ್ಕಕ್ಕೆ ಬರುವುದಿಲ್ಲ. ‘ಹೊಟ್ಟೆನೋವು ತಾಳಲಾರದೆ’ ಎಂದು ಠಾಣೆಯ ಕಡತ ಮುಚ್ಚುತ್ತದೆ. ಬ್ರಿಟನ್ನಿನಲ್ಲಿ ಒಂದು ವರ್ಷದವರೆಗಿನ ಸಾವುಗಳನ್ನೂ ಪರಿಶೀಲಿಸುತ್ತಾರೆ. ಆರು ವಾರದಿಂದ ಒಂದು ವರ್ಷದ ನಡುವೆ, ಹೆರಿಗೆಗೆ ನೇರ ಸಂಬಂಧಿಸಿದ ಸಾವುಗಳಲ್ಲಿ ಆತ್ಮಹತ್ಯೆಯೇ ಮುಂದಿದೆ ಎಂದು ಅವರಿಗೆ ಗೊತ್ತಾದದ್ದು ಹಾಗೆ ನೋಡಿದ್ದರಿಂದ. ನಾವು ನೋಡುತ್ತಲೇ ಇಲ್ಲ.

ಹೊಸ ಕಟ್ಟಡ ಕೇಳುತ್ತಿಲ್ಲ. ಗರ್ಭಿಣಿಗೆ ಕೊಡುವ ತಾಯಿ ಕಾರ್ಡಿನಲ್ಲಿ ಎಡಿನ್‌ಬರೋ ಮಾಪಕದ 10 ಪ್ರಶ್ನೆಗಳನ್ನು ಅಚ್ಚು ಹಾಕಿಸಿ. ಆಶಾ ಭೇಟಿ 42ನೇ ದಿನಕ್ಕೆ ನಿಲ್ಲುವುದಿಲ್ಲ. 3, 6, 9, 12 ಮತ್ತು 15ನೇ ತಿಂಗಳಲ್ಲೂ ಅವಳು ಕೂಸನ್ನು ನೋಡಲು ಹೋಗುತ್ತಾಳೆ. ಆಗ ತಾಯಿಯನ್ನೂ ಅತ್ತೆಯಿಲ್ಲದ ಕಡೆ ಕೂರಿಸಿ ಕೇಳಲಿ. ಅದಕ್ಕೆ ತರಬೇತಿ ಕೊಡಿ, ಬೇರೆ ಹಣವನ್ನೂ ಕೊಡಿ. ಇನ್ನೊಂದು ಕೆಲಸವನ್ನು ಅವಳ ಮೇಲೆ ಪುಕ್ಕಟೆ ಹೇರಬೇಡಿ. ಮನೋವೈದ್ಯರು ಬಾರದ ಮಂಗಳವಾರ ಆ ಸಂಗತಿ ಹಿಂದಿನ ದಿನವೇ ಉಪಕೇಂದ್ರಕ್ಕೆ ತಿಳಿಯಲಿ. ಗುಳೆ ಹೋದವಳ ಕಾರ್ಡು ಬೆಂಗಳೂರಿನ ಶೆಡ್ಡಿನಲ್ಲೂ ನಡೆಯಲಿ, ಅಲ್ಲಿನ ಆಶಾಗೆ ಅವಳ ಹೆಸರು ಹೋಗಲಿ. ಕೇಂದ್ರದ 5,000ಕ್ಕೆ ಕಾಯದೆ ರಾಜ್ಯವೇ ಕೂಲಿ ಹೆಂಗಸರಿಗೆ, ಎಷ್ಟನೇ ಮಗು ಎಂದು ಕೇಳದೆ, ಕನಿಷ್ಠ ಮೂರು ತಿಂಗಳ ಕೂಲಿಯನ್ನು ಹೆರಿಗೆಗೆ ಮೊದಲೇ ಖಾತೆಗೆ ಹಾಕಲಿ. ಆ ಮೂರು ತಿಂಗಳು ಸಂಘದ ಕಂತು ವಸೂಲಿಗೆ ಯಾರೂ ಬಾಣಂತಿಯ ಬಾಗಿಲಿಗೆ ಬಾರದಂತೆ ಆದೇಶ ಹೊರಡಿಸಿ. ಸಾಲ ಕೊಟ್ಟವರ ಕಿರುಕುಳ ತಡೆಯಲು 2025ರಲ್ಲಿ ಸುಗ್ರೀವಾಜ್ಞೆ ತಂದ ಸರ್ಕಾರಕ್ಕೆ ಇದು ಅಸಾಧ್ಯವಲ್ಲ.

ಇವೆಲ್ಲಕ್ಕೂ ಸಮಯ ಬೇಕೆನ್ನುವುದಾದರೆ, ಮುಂದಿನ ತಾಯಿ ಕಾರ್ಡು ಅಚ್ಚಿಗೆ ಹೋಗುವ ಮೊದಲು ಆ 10 ಪ್ರಶ್ನೆಗಳನ್ನಾದರೂ ಸೇರಿಸಿ. ಅದಕ್ಕೆ ನಿಮ್ಮಿಬ್ಬರ ಒಂದೊಂದು ಸಹಿ ಸಾಕು.

ಇಂತಿ,
ನಿವೃತ್ತ ಆರೋಗ್ಯ ಸಹಾಯಕಿ,
ಕೊಪ್ಪಳ ಜಿಲ್ಲೆ